ಕಾಲಿನ ಮೇಷ್ಟ್ರು ಬರೆಯದ ಪತ್ರ

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಮುಂದಿಟ್ರೆ ನನ್ನ ಎರಡು ದಿನದ ಕೆಲಸ ಹಾಳು!"

ಅವಳು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಳು. ಕೆಳಗೆ ನೋಡಿದರೆ... ನೆಲದ ತುಂಬ ಒಣಗಲು ಇಟ್ಟ ಬಿಳಿ ಪ್ಲಾಸ್ಟರಿನ ಕಾಲುಗಳು!

ಆಸ್ಪತ್ರೆಯ ಹಿಂದಿನ ಈ ಉದ್ದನೆಯ ಕೋಣೆಯಲ್ಲಿ ಕೃತಕ ಕಾಲು ಮಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಮಾಡುವವನು ಇಷ್ಟು ಚಿಕ್ಕ ವಯಸ್ಸಿನವನು, ಇಷ್ಟು ಸಿಡುಕ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮೊಣಕೈವರೆಗೆ ಪ್ಲಾಸ್ಟರ್ ಮೆತ್ತಿಕೊಂಡಿದ್ದ ಅವನು ತಲೆ ಎತ್ತಿ ನೋಡಿದ.

"ಏನು ಬೇಕಿತ್ತು?"

"ಸ್ವಯಂಸೇವೆ ಮಾಡೋಕೆ ಬಂದೆ. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕ್ತಿದ್ದೀನಿ. ಓದಿನ ಜೊತೆ ಬೇರೆ ಚಟುವಟಿಕೆಗಳನ್ನೂ ಕೇಳ್ತಾರಲ್ಲ... ವಾರಕ್ಕೆ ಎರಡು ಗಂಟೆ ಬರ್ತೀನಿ. ಸರ್ಟಿಫಿಕೇಟ್ ಕೊಡ್ತೀರಾ?"

"ಇನ್ನೂ ಕೈ ಕೆಸರೇ ಆಗಿಲ್ಲ, ಆಗಲೇ ಬಾಯಿಗೆ ಮೊಸರು ಕೇಳ್ತಿದ್ದೀರಲ್ಲ!"

ಅವಳ ಮುಖ ಕೆಂಪಾಯಿತು. 'ಎಂಥಾ ಅಹಂಕಾರ!' ಎಂದುಕೊಂಡಳು. ಆದರೆ ಅವನ ತುಟಿಯಂಚಿನಲ್ಲಿ ನಗು ಇತ್ತು... ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಪಾಪ, ಅವಳನ್ನು ನೋಡಿ ನಗುವುದು ಸುಲಭ. ಇಪ್ಪತ್ತೆರಡು ವರ್ಷದ ಈ ಹುಡುಗಿ ಹೋದ ವರ್ಷ ಒಳ್ಳೆಯ ಅಂಕ ಹಿಡಿದುಕೊಂಡು ಅದೇ ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ ಹೋಗಿದ್ದಳು. "ಅಂಕ ಬಿಟ್ಟರೆ ನಿಮ್ಮ ಹತ್ತಿರ ಏನಿದೆ?" ಎಂದು ಕೇಳಿದಾಗ ಮತ್ತೆ ಅಂಕಪಟ್ಟಿಯನ್ನೇ ಮುಂದಿಟ್ಟು ಸೀಟು ಕಳೆದುಕೊಂಡಿದ್ದಳು. ಆ ಕಾಲೇಜಿಗೆ ಅರ್ಜಿ ಹಾಕಲು ಎರಡೇ ಅವಕಾಶ. ಈ ವರ್ಷದ್ದೇ ಕೊನೆಯದು.

ಹಾಗಾಗಿ ಶಾಲೆಯಲ್ಲಿ ಪಾಠ ಹೇಳುವ ಅಮ್ಮ ಒಂದು ಪಟ್ಟಿ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಚರ್ಚಾಸ್ಪರ್ಧೆ, ಚೆಸ್, ಗಿಡ ನೆಡುವುದು, ಕೀಬೋರ್ಡ್, ಈಜು, ರಕ್ತದಾನ ಶಿಬಿರ... ಒಟ್ಟು ಹತ್ತು. ಈ ಕೋಣೆ ಹನ್ನೊಂದನೆಯದು!

"ನಾಳೆ ಬನ್ನಿ ಡಾಕ್ಟರಮ್ಮ," ಎಂದ ಅವನು. "ಹಳೇ ಬಟ್ಟೆ ಹಾಕ್ಕೊಂಡು ಬನ್ನಿ."

ಬಂದಳು. ಪ್ಲಾಸ್ಟರ್ ಪಟ್ಟಿ ನೆನೆಸಲು ಕಲಿತಳು. ಕತ್ತರಿಸಿ ಉಳಿದ ಕಾಲಿನ ತುದಿ ಹೊಸ ಕಾಲಿನ ಮೇಲ್ಭಾಗದ ಬಟ್ಟಲಿನಲ್ಲಿ ಸರಿಯಾಗಿ ಕೂರದಿದ್ದರೆ ಏನೇನಾಗುತ್ತದೆ ಎಂದು ಕಲಿತಳು. ರೋಗಿಗಳೆಲ್ಲ ಅವನನ್ನು 'ಕಾಲಿನ ಮೇಷ್ಟ್ರು' ಎಂದು ಕರೆಯುತ್ತಿದ್ದರು. ನಡೆಯುವುದನ್ನೂ ಅವನೇ ಕಲಿಸುತ್ತಿದ್ದ, ಅದಕ್ಕೆ.

ಅವಳ ಪಾಲಿಗೆ ಬಂದವರು ಟೈಲರಕ್ಕ. ಅಪಘಾತದಲ್ಲಿ ಮಂಡಿಯ ಕೆಳಗೆ ಒಂದು ಕಾಲು ಕಳೆದುಕೊಂಡಿದ್ದ ಅವರಿಗೆ ಇದ್ದದ್ದು ಒಂದೇ ಆಸೆ, ಮತ್ತೆ ಹೊಲಿಗೆ ಮೆಷಿನ್ ತುಳಿಯಬೇಕು!

ಅವಳ ಕೆಲಸ ಸರಳ. ಅಕ್ಕ ಹೊಸ ಕಾಲು ಹಾಕಿಕೊಂಡು ಹತ್ತು ನಿಮಿಷ ನಡೆದ ಮೇಲೆ ಅದನ್ನು ಬಿಚ್ಚಿ, ಕಾಲುಚೀಲ ತೆಗೆದು, ಚರ್ಮ ಎಲ್ಲಾದರೂ ಕೆಂಪಾಗಿದೆಯೇ ನೋಡುವುದು. ಅಂದು ಚರ್ಚಾಸ್ಪರ್ಧೆಯ ಅಂತಿಮ ಸುತ್ತು ಇತ್ತು. ಗಡಿಯಾರ ಬೇರೆ ಓಡುತ್ತಿತ್ತು.

"ನೋವಿದೆಯಾ ಅಕ್ಕಾ?"

"ಇಲ್ಲ ಕಣಮ್ಮ, ಹೂವಿನ ಹಾಗಿದೆ. ನೀನು ಹೊರಡು, ಹೊತ್ತಾಯ್ತು."

ಹೊರಟಳು... ಬಿಚ್ಚಿ ನೋಡದೆ! ಸ್ಪರ್ಧೆಯಲ್ಲಿ ಗೆದ್ದೂ ಬಂದಳು. ಮರುದಿನ ನೋಡಿದರೆ ಅಕ್ಕನ ಕಾಲಿನಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಹುಣ್ಣು.

ಹಿರಿಯ ಡಾಕ್ಟರು ಕೋಣೆಗೇ ಬಂದರು. "ಯಾರು ಪರೀಕ್ಷೆ ಮಾಡಿದ್ದು?"

ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ. "ಜವಾಬ್ದಾರಿ ನನ್ನದು ಸರ್. ನಾನು ನೋಡಬೇಕಿತ್ತು."

ಸುಮ್ಮನಿದ್ದರೆ ಬಚಾವಾಗುತ್ತಿದ್ದಳು. ಆದರೆ ನಮ್ಮ ಹುಡುಗಿ ಸುಮ್ಮನಿರಲಿಲ್ಲ!

"ಇಲ್ಲ ಸರ್. ನೋಡಬೇಕಾಗಿದ್ದು ನಾನು. ಬಿಚ್ಚಿ ನೋಡ್ಲೇ ಇಲ್ಲ."

ಡಾಕ್ಟರು ಇಬ್ಬರಿಗೂ ಚೆನ್ನಾಗಿ ಮಂಗಳಾರತಿ ಮಾಡಿ ಹೋದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನೀವೂ ಬೈದುಬಿಡಿ," ಎಂದಳು.

ಅವನು ಬೈಯಲಿಲ್ಲ. ಸ್ಟೂಲು ಎಳೆದು ಅವಳೆದುರು ಕೂತ. "ಜನ ನಮ್ಮ ಮುಖ ನೋಡ್ತಾರೆ. ನಾವು ಆತುರದಲ್ಲಿದ್ರೆ ಅವರಿಗೆ ಗೊತ್ತಾಗುತ್ತೆ. ಪಾಪ, ನಮಗ್ಯಾಕೆ ತೊಂದರೆ ಕೊಡೋದು ಅಂತ ನೋವಿಲ್ಲ ಅಂದ್ಬಿಡ್ತಾರೆ. ಅಷ್ಟೇ."

ಎಷ್ಟು ಮೆಲ್ಲಗೆ ಹೇಳಿದ! ಅವಳು ಆ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಬೈಗುಳ ತಾನು ತಿನ್ನಲು ಮುಂದೆ ನಿಂತವನು, ಪಾಠ ಮಾತ್ರ ಅವಳಿಗೆ ಉಳಿಸಿಕೊಟ್ಟವನು... 'ಇವನ ಹಾಗೆ ಆಗಬೇಕು ನಾನು,' ಎಂದುಕೊಂಡಳು. ಪ್ರೀತಿ ಹುಟ್ಟಿದ್ದು ಆಗಲೇ. ಅವಳಿಗೆ ಗೊತ್ತಾದದ್ದು ಮಾತ್ರ ತಡವಾಗಿ!

ಆ ಸಂಜೆ ಫ್ರಿಜ್ಜಿನ ಮೇಲಿನ ಪಟ್ಟಿಯ ಹತ್ತೂ ಸಾಲುಗಳಿಗೆ ಗೀಟು ಹಾಕಿದಳು.

"ತಲೆ ಕೆಟ್ಟಿದೆಯಾ ನಿನಗೆ? ಹತ್ತು ಬಿಟ್ಟು ಒಂದು ಹಿಡ್ಕೊಂಡ್ರೆ ಸೀಟು ಯಾರು ಕೊಡ್ತಾರೆ?" ಅಮ್ಮ ಕೂಗಾಡಿದರು.

"ಹತ್ತು ಕಡೆ ಒಂದೊಂದು ಮೊಳ ಅಗೆದ್ರೆ ನೀರು ಬರಲ್ಲಮ್ಮಾ. ಒಂದೇ ಕಡೆ ಅಗೀತೀನಿ."

ಅಮ್ಮ ಎರಡು ದಿನ ಮಾತು ಬಿಟ್ಟರು. ಅವಳು ವಾರಕ್ಕೆ ಐದು ದಿನ ಹೋದಳು. ಟೈಲರಕ್ಕನ ಹುಣ್ಣನ್ನು ತಾನೇ ತೊಳೆದಳು, ಪಟ್ಟಿ ಕಟ್ಟಿದಳು. ಅವನು ಬಟ್ಟಲಿನ ಅಂಚನ್ನು ಕೂದಲೆಳೆಯಷ್ಟು ಉಜ್ಜಿ, ಬೆರಳಲ್ಲಿ ಸವರಿ, ಮತ್ತೆ ಉಜ್ಜುವುದನ್ನು ಗಂಟೆಗಟ್ಟಲೆ ನೋಡಿದಳು. ಆ ಕೈಗಳಿಗೆ ಬೇಸರ ಎಂಬುದೇ ಗೊತ್ತಿರಲಿಲ್ಲ. ಟೈಲರಕ್ಕ ಮೊದಲ ಸಲ ಮೆಷಿನ್ ತುಳಿದ ದಿನ ಮೂವರೂ ಅತ್ತರು, ಮೂವರೂ ನಕ್ಕರು.

ಒಂಬತ್ತು ತಿಂಗಳು ಕಳೆಯಿತು. ಅರ್ಜಿ ಹಾಕುವ ಸಮಯ ಬಂತು.

"ಮೇಲ್ವಿಚಾರಕರ ಶಿಫಾರಸು ಪತ್ರ ಬೇಕಂತೆ. ನೀವು ಬರೀಬೇಕು," ಎಂದು ಅವಳು ಫಾರಂ ಕೊಟ್ಟಳು. ಅವನು ಖುಷಿಯಿಂದಲೇ ತೆಗೆದುಕೊಂಡ.

ಒಂದು ವಾರದ ಮೇಲೆ ಖಾಲಿ ಫಾರಂ ವಾಪಸು ಬಂತು!

"ನನ್ನಿಂದ ಆಗಲ್ಲ," ಎಂದ ಅವನು, ಅವಳ ಮುಖ ನೋಡದೆ.

"ಯಾಕೆ? ಆ ಹುಣ್ಣಿನ ವಿಷಯಕ್ಕಾ?"

"ಅಲ್ಲ..."

"ಮತ್ತೆ?"

ಅವನು ಒಣಗಿದ ಪ್ಲಾಸ್ಟರ್ ಕಾಲಿನ ಮೇಲೆ ಕೈಯಾಡಿಸುತ್ತ ನಿಂತ. ಅವಳು ಫಾರಂ ಮಡಚಿ ಚೀಲಕ್ಕೆ ತುರುಕಿದಳು. 'ಒಂಬತ್ತು ತಿಂಗಳು! ನಾಲ್ಕು ಸಾಲಿಗೂ ಯೋಗ್ಯಳಲ್ಲವೇ ನಾನು?'

"ತುಂಬಾ ಥ್ಯಾಂಕ್ಸ್, ಮೇಷ್ಟ್ರೇ!" ಎಂದವಳೇ ಹೊರಟುಬಿಟ್ಟಳು. ಬೀದಿಯಲ್ಲೇ ಫಾರಂ ಹರಿದಳು. ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಮೂರನೇ ದಿನ ಟೈಲರಕ್ಕ ಮನೆ ಮೆಟ್ಟಿಲು ಹತ್ತಿ ಬಂದರು, ತಮ್ಮ ಹೊಸ ಕಾಲಲ್ಲೇ. ಕೈಯಲ್ಲೊಂದು ಲಕೋಟೆ.

"ನಮ್ಮಂಥ ರೋಗಿಗಳು ಬರೆದ ಪತ್ರನೂ ನಡೆಯುತ್ತಂತೆ ಕಣೇ. ತಗೋ. ಒಡೀಬೇಡ, ಹಾಗೇ ಕಳಿಸು."

ಸಂದರ್ಶನದ ಕೋಣೆಯಲ್ಲಿ ಮೂವರು ವೈದ್ಯರು. ಮಧ್ಯದಲ್ಲಿದ್ದ ಹಿರಿಯ ವೈದ್ಯೆ ಕನ್ನಡಕ ಸರಿಮಾಡಿಕೊಂಡರು. "ಬೇರೆಯವರೆಲ್ಲ ಏಳೆಂಟು ಚಟುವಟಿಕೆ ಬರೆದಿದ್ದಾರೆ. ನಿಮ್ಮದು ಒಂದೇ. ಯಾಕೆ?"

ಅವಳು ಹುಣ್ಣಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ವೈದ್ಯೆ ಲಕೋಟೆಯಿಂದ ಕಾಗದ ತೆಗೆದು ಓದಿದರು.

"'ಈ ಹುಡುಗಿಯಿಂದ ನನ್ನ ಕಾಲಿಗೆ ಹುಣ್ಣಾಯಿತು. ಆಮೇಲೆ ನಾನು ನೋವಿಲ್ಲ ಎಂದರೂ ಒಂದು ದಿನವೂ ನನ್ನ ಮಾತು ನಂಬಲಿಲ್ಲ. ಬಿಚ್ಚಿ ನೋಡಿದಳು. ಇವಳಿಗೆ ಸೀಟು ಕೊಡಿ. ನನಗೆ ವಯಸ್ಸಾದಾಗ ಇವಳೇ ಡಾಕ್ಟರಾಗಿರಬೇಕು.'"

ಕಾಗದವನ್ನು ಮಡಚಿ ಅವಳ ಅರ್ಜಿಯ ಮೇಲಿಟ್ಟರು.

ಮುಂದಿನ ತಿಂಗಳು ಫಲಿತಾಂಶ ಬಂತು. ಸೀಟು ಸಿಕ್ಕಿತ್ತು! ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳದೆ ಓಡಿಬಂದು ತಬ್ಬಿಕೊಂಡರು. ಅವಳು ಅಳುತ್ತಲೇ ಟೈಲರಕ್ಕನ ಅಂಗಡಿಗೆ ಹೋದಳು.

"ಎಲ್ಲಾ ನಿಮ್ಮಿಂದಾನೇ ಅಕ್ಕಾ!"

"ನನ್ನಿಂದ ಎಂಥದ್ದು? ಮೇಷ್ಟ್ರು ಬಂದು ಇದೇ ಸ್ಟೂಲ್ ಮೇಲೆ ಒಂದು ಗಂಟೆ ಕೂತಿದ್ರು. ಬರೀರಿ ಅಕ್ಕಾ, ಇದ್ದದ್ದು ಇದ್ದಹಾಗೇ ಬರೀರಿ ಅಂತ. ಯಾರ್ಗೂ ಹೇಳ್ಬೇಡಿ ಅಂದಿದ್ರು. ಅಯ್ಯೋ, ಹೇಳ್ಬಿಟ್ನಲ್ಲ!"

ಅವಳು ಓಡಿದಳು.

ಅವನು ಪ್ಲಾಸ್ಟರ್ ಕಲಸುತ್ತಿದ್ದ. ಅವಳನ್ನು ನೋಡಿ ಕೈ ನಿಂತುಹೋಯಿತು.

"ಸೀಟು ಸಿಕ್ತು," ಎಂದಳು, ಏದುಸಿರು ಬಿಡುತ್ತ.

ಅವನ ಮುಖ ಅರಳಿತು. "ನನಗೆ ಗೊತ್ತಿತ್ತು! ನಿಮ್ಮಂಥವರಿಗೆ ಸಿಗದೆ ಇನ್ಯಾರಿಗೆ ಸಿಗಬೇಕು?"

"ಅಕ್ಕನ ಹತ್ರ ಬರೆಸಿದ್ರಿ. ನೀವ್ಯಾಕೆ ಬರೀಲಿಲ್ಲ?"

"ಆ ಫಾರಂ ಹಿಂದಿನ ಪುಟ ನೋಡಿದ್ರಾ?"

"ಹರಿದು ಹಾಕಿದೆ! ಸಿಟ್ಟು ಬಂದಿತ್ತು!"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಮೆಲ್ಲನೆ ಹೇಳಿದ. "ಕೊನೇ ಸಾಲಲ್ಲಿ ಹೀಗಿತ್ತು. 'ಅರ್ಜಿದಾರರು ನನ್ನ ಸಂಬಂಧಿಕರಲ್ಲ. ಅವರ ವಿಷಯದಲ್ಲಿ ನನಗೆ ಯಾವ ವೈಯಕ್ತಿಕ ಒಲವೂ ಇಲ್ಲ.' ಅದರ ಕೆಳಗೆ ಸಹಿ ಹಾಕಬೇಕಿತ್ತು. ಮೊದಲನೇ ಮಾತು ನಿಜ. ಎರಡನೇದಕ್ಕೆ... ಏಳು ದಿನ ಪೆನ್ನು ಹಿಡ್ಕೊಂಡು ಕೂತಿದ್ದೆ. ಆಗಲಿಲ್ಲ."

ಅವಳ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ಅದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ಪತ್ರ ಬೇಕು ಅಂತ ನಿಂತವರ ಹತ್ರ ಹೇಗೆ ಹೇಳ್ಲಿ? ನೀವು ಇಲ್ಲ ಅನ್ನೋಕೂ ಹೆದರ್ತಿದ್ರಿ. ಈಗ ನಿಮಗೆ ನನ್ನಿಂದ ಏನೂ ಬೇಕಾಗಿಲ್ಲ. ಈಗ ಹೇಳ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ. ಒಪ್ಪಿದ್ರೂ ಸರಿ, ಇಲ್ಲ ಅಂದ್ರೂ ಸರಿ."

"ನನಗೆ ನಿಮ್ಮಿಂದ ಏನೂ ಬೇಕಾಗಿಲ್ಲ ಅಂತ ಯಾರು ಹೇಳಿದ್ದು?" ಅವಳು ಅಳುತ್ತಲೇ ನಕ್ಕಳು. "ನಡೀರಿ, ಮನೆಗೆ. ಅಮ್ಮನ ಹತ್ರ ಹೇಳೋಣ."

"ಈಗ್ಲಾ? ಕೈಯೆಲ್ಲಾ ಪ್ಲಾಸ್ಟರ್..."

ಅವಳು ಸ್ಟೂಲು ಎಳೆದುಕೊಂಡು ಕೂತಳು.

"ನಿಧಾನವಾಗಿ ತೊಳ್ಕೊಳ್ಳಿ," ಎಂದಳು. "ನಾನು ಬೇರೆಲ್ಲೂ ಹೋಗಬೇಕಾಗಿಲ್ಲ."