ಗುರುತು ಸಿಗದ ಬೆರಳು

"ಮತ್ತೆ ಪ್ರಯತ್ನಿಸಿ."

ಬಾಗಿಲ ಪಕ್ಕದ ಹಾಜರಾತಿ ಯಂತ್ರ ಹೆಣ್ಣುದನಿಯಲ್ಲಿ ಹೇಳಿತು. ಯಾರೋ ಮತ್ತೆ ಬೆರಳಿಟ್ಟರು.

"ಮತ್ತೆ ಪ್ರಯತ್ನಿಸಿ."

ಕಂಪ್ಯೂಟರ್ ತರಗತಿಯೊಳಗೆ ಬೋರ್ಡ್ ಒರೆಸುತ್ತಿದ್ದ ಟೀಚರ್ ತಿರುಗಿಯೂ ನೋಡದೆ ಕೂಗಿದಳು. "ಬೆರಳು ಒರೆಸ್ಕೊಂಡು ಇಡಿ! ಒತ್ತೋದು ಬೇಡ, ಸುಮ್ನೆ ಮುಟ್ಟಿದ್ರೆ ಸಾಕು."

"ಮುಟ್ಟಿದ್ದಾಯ್ತು. ಇದಕ್ಕೆ ನನ್ನ ಗುರುತು ಸಿಗಲ್ಲ. ಪೆನ್ನಲ್ಲಿ ಸಹಿ ಹಾಕ್ತೀನಿ."

ಆ ಧ್ವನಿ...!

ಒರೆಸಿದ ಜಾಗವನ್ನೇ ಅವಳ ಕೈ ಮತ್ತೆ ಮತ್ತೆ ಒರೆಸತೊಡಗಿತು. ಪ್ರೀತಿ ಮಾಡಿದವರ ಧ್ವನಿಯನ್ನಾದರೂ ಮರೆಯಬಹುದು, ಕೈ ಕೊಟ್ಟು ಹೋದವನ ಧ್ವನಿ ಮರೆಯುವುದುಂಟೆ?

ತಿರುಗಿದಳು. ಅವನೇ. ಅದೇ ಅಗಲ ಭುಜ, ಕಿವಿಯ ಹಿಂದೆ ಅದೇ ಪೆನ್ಸಿಲ್. ಒಂದು ವರ್ಷದ ಹಿಂದೆ ಅವಳನ್ನು ನಾಲ್ಕು ಜನರ ಮುಂದೆ ತಲೆತಗ್ಗಿಸುವಂತೆ ಮಾಡಿದ ಬಡಗಿ!

ಅವನೂ ನೋಡಿದ. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವಳೇ ಇಲ್ಲಿ ಕಲಿಸುತ್ತಾಳೆ ಎಂದು ಗೊತ್ತಿದ್ದೇ ಬಂದಿದ್ದ.

"ಕಲಿಯೋಕೆ ಬಂದಿದ್ದೀನಿ. ಕಲಿತೇ ಹೋಗ್ತೀನಿ," ಎಂದು ಹೇಳಿ ಮೊದಲ ಸಾಲಿನಲ್ಲಿ ಕೂತ.

'ಆ ಯಂತ್ರಕ್ಕೇ ನೀನು ಬೇಡವಾದೆಯಾ? ಸರಿಯಾಯ್ತು! ನಾನು ಹುಡುಕಿಕೊಂಡು ಹೋಗಿ ತೀರಿಸಬೇಕಿದ್ದ ಸೇಡು ತಾನಾಗೇ ಫೀಸು ಕಟ್ಟಿ ಬಂದು ಕೂತಿದೆ...'

ಅವಳು ನಗುತ್ತಾ ಪಾಠ ಶುರು ಮಾಡಿದಳು. "ಕಂಪ್ಯೂಟರಿಗೆ ನಮ್ಮ ಮನಸ್ಸಲ್ಲಿರೋದು ತಾನಾಗೇ ಗೊತ್ತಾಗಲ್ಲ. ನಾವು ಹೇಳ್ಬೇಕು. ಕೀಬೋರ್ಡಿಂದ ಹೇಳ್ಬಹುದು, ಮೌಸಿಂದ, ಮೈಕಿಂದ, ಬೆರಳಿಂದ. ಹೇಳೋಕೆ ಬಳಸೋ ಇವನ್ನೆಲ್ಲ ಇನ್‌ಪುಟ್ ಸಾಧನ ಅಂತಾರೆ. ಕೆಲವ್ರು ಮನಸ್ಸಲ್ಲಿ ಒಂದಿಟ್ಕೊಂಡು ಇನ್ನೊಂದು ಹೇಳ್ತಾರೆ... ಅದು ಸಾಧನದ ತಪ್ಪಲ್ಲ ಬಿಡಿ!"

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನ ದವಡೆ ಮಾತ್ರ ಬಿಗಿಯಿತು.

ಈ ತರಗತಿಯ ಮೇಜುಗಳನ್ನೆಲ್ಲ ಮಾಡಿದ್ದು ಅವನೇ. ಅಳತೆ ತೆಗೆಯಲು ಬಂದವನು ಅವಳ ಮೊಣಕೈ ಎತ್ತರ ನೋಡಿ, "ಕೀಬೋರ್ಡ್ ತಟ್ಟೆ ಇಲ್ಲಿರಬೇಕು. ಇಲ್ಲಾಂದ್ರೆ ಸಾಯಂಕಾಲಕ್ಕೆ ಭುಜ ನೋಯುತ್ತೆ," ಎಂದಿದ್ದ. ಅವಳು ಎಡಗೈಯವಳೆಂದು ಕೇಳದೆಯೇ ಕಂಡುಕೊಂಡು, ಅವಳ ಮೇಜಿಗೆ ಮಾತ್ರ ಮೌಸಿನ ಹಲಗೆಯನ್ನು ಎಡಕ್ಕೆ ಕೂರಿಸಿದ್ದ. ಆ ಹಲಗೆಗೇ ಅವಳು ಸೋತದ್ದು.

ಆಮೇಲೆ ಧ್ವನಿ ಸಂದೇಶಗಳ ಕಾಲ. ಅವನು ಬೆರಳ ಗೆಣ್ಣಿನಿಂದ ಫೋನಿನ ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡುತ್ತಿದ್ದ. ಬರೆದು ಕಳಿಸಿದ್ದೇ ಇಲ್ಲ. ಅವಳಿಗೆ ಅದೇ ಇಷ್ಟವಾಗಿತ್ತು. ಮನೆಯವರೂ ಒಪ್ಪಿದರು. ಗಂಡಿನ ಕಡೆಯಿಂದ ಮಾತುಕತೆಗೆಲ್ಲ ಮುಂದೆ ನಿಂತವರು ಅವನ ಅತ್ತಿಗೆ. ಮದುವೆಯ ದಿನ ಗೊತ್ತಾಯಿತು, ಅಪ್ಪ ನೆಂಟರಿಗೆಲ್ಲ ಹೇಳಿಯೂ ಆಯಿತು.

ಆಗ ಬಂತು ಆ ಮೆಸೇಜು.

'ಇದುವರೆಗೆ ಆದ ಮಾತನ್ನೆಲ್ಲ ಮರೆತುಬಿಡಿ. ಮನೆ ನೋಡಿಕೊಳ್ಳುವ ಹುಡುಗಿ ನನಗೆ ಬೇಕು, ಕಂಡವರ ಮುಂದೆ ನಿಂತು ಪಾಠ ಹೇಳುವವಳಲ್ಲ. ದಯವಿಟ್ಟು ಕರೆ ಮಾಡಿ ತೊಂದರೆ ಕೊಡಬೇಡಿ...' ಹೀಗೇ ಉದ್ದಕ್ಕೆ ಸಾಗಿತ್ತು. ಅಪ್ಪ ಎರಡು ದಿನ ಹೊರಗೆ ತಲೆ ಹಾಕಲಿಲ್ಲ. ಅವಳು ಆ ನಂಬರನ್ನು ಬ್ಲಾಕ್ ಮಾಡಿದಳು. ಯಾಕೆಂದು ಒಂದು ಮಾತೂ ಕೇಳಲಿಲ್ಲ. ಬೇಡ ಎಂದವನ ಬಾಗಿಲು ಬಡಿಯಲು ಅವಳೇನು ಬಿಟ್ಟಿ ಬಿದ್ದಿದ್ದಳೆ?

ಈಗ ಅವನೇ ಬಾಗಿಲಿಗೆ ಬಂದಿದ್ದ.

ಮರುದಿನ ಅವನ ಮೌಸಿನ ಹೊಟ್ಟೆಯ ಕೆಂಪು ಬೆಳಕಿನ ಮೇಲೆ ಅವಳು ಸದ್ದಿಲ್ಲದೆ ಟೇಪು ಅಂಟಿಸಿದಳು. ಎಲ್ಲರ ಬಾಣವೂ ಪರದೆಯ ಮೇಲೆ ಓಡಾಡಿತು, ಅವನದ್ದು ನಿಂತಲ್ಲೇ ನಿಂತಿತು.

"ಏನ್ರೀ, ಇಷ್ಟೂ ಬರಲ್ವಾ? ಇದು ಉಳಿ ಹಿಡಿದಷ್ಟು ಸುಲಭ ಅಲ್ಲ!"

ಆದರೆ ಬಡಗಿಯಾದವನು ಯಾವ ವಸ್ತುವನ್ನೂ ಮಗುಚಿ ನೋಡದೆ ಬಿಡುತ್ತಾನೆಯೆ? ಟೇಪು ಕಿತ್ತು ತಂದು ಅವಳ ಮೇಜಿನ ಅಂಚಿಗೆ ಅಂಟಿಸಿದ. "ಇದು ನಿಮ್ದು ಅನ್ಸುತ್ತೆ."

ಅವಳ ಕಿವಿಯವರೆಗೂ ಕೆಂಪೇರಿತು.

ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ. ಮೊಮ್ಮಕ್ಕಳ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಕಲಿಯಲು ಬಂದವರು. "ಟೀಚರ್, ಟೇಬಲ್ ಮುಗೀತು! ಬಾಣ ಇನ್ನೂ ಅರ್ಧ ದಾರೀಲಿದೆ!" ಎಂದು ಕೂಗುತ್ತಿದ್ದರು.

ಬಡಗಿಯೇ ಬಗ್ಗಿ ಹೇಳಿಕೊಟ್ಟ. "ಮೌಸನ್ನ ಎತ್ತಿ, ಮತ್ತೆ ಈಚೆಗೆ ಇಡಿ ಅಜ್ಜಿ. ಎತ್ತಿದಾಗ ಬಾಣ ಅಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ."

"ನೀನು ಟೀಚರಿಗಿಂತ ಮೆತ್ತಗೆ ಹೇಳ್ತೀಯಪ್ಪಾ!"

ಆ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಮರುದಿನ ಸಾಮಾನಿನ ಕೋಣೆಯಿಂದ ಒಂದು ಹಳೇ ಕೀಬೋರ್ಡ್ ಹುಡುಕಿ ತಂದಳು. ಒಂದು ಅಕ್ಷರವೂ ಕಾಣದಂತೆ ಅದರ ಕೀಲಿಗಳೆಲ್ಲ ಸವೆದಿದ್ದವು. ಅದನ್ನೇ ಅವನ ಮುಂದಿಟ್ಟಳು.

"ಇದರಲ್ಲಿ ಅಕ್ಷರಾನೇ ಇಲ್ಲ..."

"ನೋಡದೆ ಟೈಪ್ ಮಾಡೋದೇ ವಿದ್ಯೆ. ಮಧ್ಯದ ಸಾಲಲ್ಲಿ ಎರಡು ಕೀಲಿ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತೆ. ಸಿಕ್ಕಿದ್ರೆ ತೋರುಬೆರಳು ಇಡಿ. ಸಿಗದಿದ್ರೆ ಮನೆಗೆ ಹೊರಡಿ."

ಅವನು ಕಣ್ಣು ಮುಚ್ಚಿದ. ಮರದ ನುಣುಪು ನೋಡುವವನಂತೆ ಬೆರಳಾಡಿಸಿದ. "ಸಿಕ್ತು."

ಅವಳ ಹೊಟ್ಟೆ ಉರಿಯಿತು! ದಿನ ಕಳೆದಂತೆ ಮಿಕ್ಕವರೆಲ್ಲ ಕೀಲಿ ಹುಡುಕುತ್ತಾ ಕೂತರೆ, ಅವನೊಬ್ಬ ಪರದೆ ನೋಡುತ್ತಲೇ ಟೈಪ್ ಮಾಡತೊಡಗಿದ. ನಿಧಾನ, ಆದರೆ ತಪ್ಪಿಲ್ಲ. ಕೆಡಿಸಲು ಹೋಗಿ ಅವಳೇ ಅವನನ್ನು ತಿದ್ದಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಅವಳ ಕಿವಿಯಲ್ಲಿ ಹೇಳಿದರು. "ಪಾಪ, ಆ ಹುಡುಗನನ್ನ ಗೋಳು ಹುಯ್ಕೋಬೇಡಮ್ಮ. ಅವನ ಕಾರ್ಖಾನೇಲಿ ಮರ ಕೊರೆಯೋ ಕಂಪ್ಯೂಟರ್ ಯಂತ್ರ ಬಂದಿದೆಯಂತೆ. ಇಲ್ಲಿ ಪಾಸಾದ್ರೆ ಅದರ ಮುಂದೆ ಕೂರ್ತಾನಂತೆ, ಫೇಲಾದ್ರೆ ಕೆಲಸಾನೇ ಇಲ್ವಂತೆ."

'ಸಿಕ್ಕಿತು ಜುಟ್ಟು ಕೈಗೆ!' ಅವಳ ಮನಸ್ಸು ಕುಣಿಯಿತು. ಪರೀಕ್ಷೆ ನಡೆಸುವವಳು ಅವಳು. ಸಹಿ ಹಾಕುವವಳೂ ಅವಳೇ. ಅಪ್ಪ ಅನುಭವಿಸಿದ ಆ ಅವಮಾನವನ್ನು ಇವನೂ ಉಣ್ಣಲಿ!

ಪರೀಕ್ಷೆಯ ಮುಂಚಿನ ಪಾಠ ಟಚ್ ಸ್ಕ್ರೀನ್. ಗೋಡೆಯ ದೊಡ್ಡ ಪರದೆಯ ಮುಂದೆ ಎಲ್ಲರನ್ನೂ ಕರೆದು ತಮಗಿಷ್ಟವಾದ ತಿಂಡಿಯ ಹೆಸರನ್ನು ಬೆರಳಿಂದ ಬರೆಯಿಸಿದಳು. ಅಜ್ಜಿಯೂ ಬರೆದು ಚಪ್ಪಾಳೆ ಗಿಟ್ಟಿಸಿದರು. ಕೊನೆಗೆ ಅವನ ಸರದಿ.

ಅವನು ಗೆಣ್ಣು ಮುಂದೆ ಮಾಡಿದ.

"ಗೆಣ್ಣಲ್ಲ. ಬೆರಳ ತುದಿ. ಎಲ್ಲರ ಹಾಗೆ!"

ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತೋರುಬೆರಳಿಟ್ಟ. ಅಕ್ಷರ ಮೂಡಲಿಲ್ಲ. ಒತ್ತಿದ. ಉಜ್ಜಿದ. ಬೇರೆ ಬೆರಳಿಟ್ಟ. ಪರದೆ ಖಾಲಿಯಾಗಿಯೇ ಇತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇಡೀ ತರಗತಿಯೇ ನಕ್ಕಿತು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ.

"ನೋಡಿ, ಇದು ಯಾಕೆ ಹೀಗೆ ಅಂದ್ರೆ," ನಗುತ್ತಲೇ ವಿವರಿಸತೊಡಗಿದಳು, "ಇದಕ್ಕೆ ಬೇಕಾಗಿರೋದು ಒತ್ತಡ ಅಲ್ಲ. ನಮ್ಮ ಚರ್ಮದಲ್ಲಿ ಪಸೆ ಇರುತ್ತಲ್ಲ, ಬೆರಳು ಮುಟ್ಟಿದ ಕಡೆ ವಿದ್ಯುತ್ತಲ್ಲಿ ಸಣ್ಣ ಬದಲಾವಣೆ ಆಗುತ್ತೆ, ಅದನ್ನ ಇದು ಗುರುತಿಸುತ್ತೆ. ಉಳಿ ಹಿಡಿದು, ಉಪ್ಪುಕಾಗದ ಉಜ್ಜಿ ಬೆರಳು ಜಡ್ಡುಗಟ್ಟಿದ್ರೆ ಇದಕ್ಕೆ ಗೊತ್ತೇ ಆಗಲ್ಲ. ಅಂಥವರು ಫೋನಲ್ಲಿ ಒಂದು ಸಾಲೂ ಟೈಪ್ ಮಾಡೋಕೆ..."

ಮಾತು ಅಲ್ಲೇ ನಿಂತಿತು.

ಒಂದು ಸಾಲೂ ಟೈಪ್ ಮಾಡೋಕೆ ಆಗಲ್ಲ...?

ಹಾಗಾದರೆ ಆ ಉದ್ದದ ಮೆಸೇಜು? ಅಲ್ಪವಿರಾಮ, ಪೂರ್ಣವಿರಾಮ, ಒಂದೂ ತಪ್ಪಿಲ್ಲದ ಆ ಸಾಲುಗಳು?

ಅವಳು ತಲೆಯೆತ್ತುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

"ನಿಲ್ಲಿ!" ಎಂದಳು. ಅವನು ನಿಲ್ಲಲಿಲ್ಲ.

ಸಿಬ್ಬಂದಿ ಕೋಣೆಯ ಬಾಗಿಲು ಹಾಕಿಕೊಂಡು ಫೋನು ತೆಗೆದಳು. ಬೈಯಲು ಬೇಕಾಗುತ್ತದೆಂದು ಉಳಿಸಿಕೊಂಡಿದ್ದ ಆ ಮೆಸೇಜನ್ನು ಮತ್ತೆ ಓದಿದಳು. ಅದು ಅವನ ಮಾತಿನ ಧಾಟಿಯೇ ಅಲ್ಲ. ಅವನು 'ದಯವಿಟ್ಟು' ಎಂದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಊರಿಗೆಲ್ಲ ಇನ್‌ಪುಟ್ ಸಾಧನದ ಪಾಠ ಹೇಳುವವಳಿಗೆ, ಅವನು ಗೆಣ್ಣಿನಿಂದ ಫೋನು ಒತ್ತುವುದು ಯಾಕೆಂದು ಹೊಳೆಯಲೇ ಇಲ್ಲವಲ್ಲ! ಅದೊಂದು ಗತ್ತು ಎಂದುಕೊಂಡಿದ್ದಳು, ಪೆದ್ದಿ!

'ನಾನು ಇವತ್ತು ಅವನ ಬೆರಳನ್ನ ನೋಡಿ ನಕ್ಕೆ... ಎಲ್ಲರನ್ನೂ ನಗಿಸಿದೆ...'

ಕಣ್ಣು ತುಂಬಿ ಬಂತು. ಬಯಸಿದ ಸೇಡು ಕೈಗೆ ಸಿಕ್ಕಿತ್ತು, ಬೇಡವಾದ ಹೊತ್ತಿನಲ್ಲಿ. ಅವನು ಪರೀಕ್ಷೆಗೆ ಬಾರದಿದ್ದರೆ ಅವನ ಕೆಲಸ ಹೋಗುತ್ತದೆ. ಕಳೆದವಳು ಅವಳೇ!

ನಂಬರಿನ ಬ್ಲಾಕ್ ತೆಗೆದಳು. ಮೈಕ್ ಒತ್ತಿ ಹಿಡಿದಳು.

"ಪರೀಕ್ಷೆಗೆ ಬನ್ನಿ... ನನ್ನ ಮೇಲಿನ ಕೋಪಕ್ಕೆ ಕೆಲಸ ಕಳ್ಕೋಬೇಡಿ. ತಪ್ಪು ನನ್ನದು."

ಉತ್ತರ ಬರಲಿಲ್ಲ.

ಪರೀಕ್ಷೆಯ ದಿನ ಎಲ್ಲರೂ ಕೂತಾದ ಮೇಲೆ ಹೊರಗೆ ಯಂತ್ರ ಹೇಳಿತು. "ಮತ್ತೆ ಪ್ರಯತ್ನಿಸಿ."

ಅವಳು ಥಟ್ಟನೆ ಬಾಗಿಲತ್ತ ತಿರುಗಿದಳು. ಅವನು ನೇರ ಬಂದು ತನ್ನ ಜಾಗದಲ್ಲಿ ಕೂತ. "ನೀವು ಕರೆದಿದ್ದಕ್ಕೆ ಬಂದಿಲ್ಲ. ಕಲಿತೇ ಹೋಗ್ತೀನಿ ಅಂದಿದ್ದೆ, ಅದಕ್ಕೆ ಬಂದೆ."

ಪ್ರಶ್ನೆ ಸುಲಭದ್ದು. ಮನಸ್ಸಿಗೆ ಬಂದ ವಿಷಯ ಟೈಪ್ ಮಾಡಿ ತೋರಿಸಬೇಕು. ಅವನು ಅದೇ ಅಕ್ಷರವಿಲ್ಲದ ಕೀಬೋರ್ಡ್ ಎಳೆದುಕೊಂಡ. ಹೊಸತೊಂದನ್ನು ಅವಳು ಮುಂದೆ ತಳ್ಳಿದರೆ, "ಇದೇ ಸಾಕು. ಇದಕ್ಕೆ ಎಂಥ ಬೆರಳಾದ್ರೂ ಆಗುತ್ತೆ, ಒತ್ತಿದ್ರೆ ಸರಿ," ಎಂದ.

ಹೊತ್ತು ಮುಗಿಯಿತು. ಒಬ್ಬೊಬ್ಬರೇ ಎದ್ದು ಹೋದರು. ಅವನು ಮಾತ್ರ ಕುರ್ಚಿ ಸರಿಸಿ ಪರದೆಯತ್ತ ಕೈ ತೋರಿದ. "ಓದಿ. ನಿಮಗೇ ಬರೆದಿದ್ದು."

'ಯಂತ್ರಕ್ಕೂ ಗುರುತು ಸಿಗದ ಒರಟು ಕೈ ಹಿಡಿದು ಬಾಳಲಾರೆ ಅಂದಿರಂತೆ. ಒಂದು ವರ್ಷ ಆ ಮಾತು ನನ್ನನ್ನು ಕೊರೆಯಿತು. ನಿಮ್ಮ ಮುಂದೆ ಕೂತು, ನೀವೇ ಕಲಿಸಿದ ವಿದ್ಯೆಯಲ್ಲಿ, ಇದೇ ಕೈಯಿಂದ ಉತ್ತರ ಬರೆಯಬೇಕು ಅಂತ ಬಂದೆ. ಬರೆದೆ. ನನ್ನ ಸೇಡು ತೀರಿತು. ಇನ್ನು ಬರುತ್ತೇನೆ.'

"ನಾನು... ಹೀಗಂದೆ ಅಂತ ಯಾರು ಹೇಳಿದ್ದು?"

"ಅತ್ತಿಗೆ. ನಿಮ್ಮನೆಗೆ ಮಾತಾಡೋಕೆ ಹೋಗಿ ಬಂದು ಕಣ್ಣೀರು ಹಾಕಿದ್ರು. ನಾನು ಕಳಿಸಿದ ವಾಯ್ಸ್ ಒಂದೂ ನಿಮಗೆ ಮುಟ್ಟಲಿಲ್ಲ. ಅಲ್ಲಿಗೆ ನಿಜಾನೇ ಅಂದ್ಕೊಂಡೆ."

"ಅವರು ನಮ್ಮನೆಗೆ ಬರಲೇ ಇಲ್ಲ!"

ಅವಳು ಫೋನು ತೆಗೆದು ಅವನ ಮುಂದೆ ಹಿಡಿದಳು. ಅವನು ಓದಿದ. ಮತ್ತೆ ಮೊದಲಿಂದ ಓದಿದ. ಮುಖ ಬಿಳಿಚಿಕೊಂಡಿತು.

"ಇದು ನನ್ನ ನಂಬರು... ಆದ್ರೆ ನಾನಲ್ಲ. ನನ್ನ ಫೋನಲ್ಲಿ ಆರ್ಡರ್ ಮೆಸೇಜೆಲ್ಲ ಅತ್ತಿಗೇನೇ ಟೈಪ್ ಮಾಡಿ ಕಳಿಸ್ತಾರೆ. ನನ್ನ ಬೆರಳಿಗೆ ಆಗಲ್ಲ ಅಂತ ನಾನೇ ಕೊಡ್ತಿದ್ದೆ. ಇದನ್ನ ಕಳಿಸಿ, ನನ್ನ ಫೋನಲ್ಲಿ ಅಳಿಸಿಬಿಟ್ಟಿದ್ದಾರೆ." ಪರದೆಯಿಂದ ಕಣ್ಣು ತೆಗೆದ. "ಅವರ ತಂಗೀನ ಮಾಡ್ಕೋ ಅಂತ ಆವಾಗಿಂದ ಹೇಳ್ತಾನೇ ಇದ್ದಾರೆ. ಬೇಡ ಅಂತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದು ವರ್ಷ! ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದ ಒಂದು ವರ್ಷ!

"ನೀವ್ಯಾಕೆ ಬಂದು ಕೇಳಲಿಲ್ಲ?" ಅವಳು ಅಳುತ್ತಲೇ ರೇಗಿದಳು.

"ನೀವ್ಯಾಕೆ ಫೋನ್ ಎತ್ತಲಿಲ್ಲ?"

ಜಂಬ ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಜಂಬ ಅಡ್ಡಬಂತು.

ಅವಳು ಕಣ್ಣೊರೆಸಿಕೊಂಡಳು. "ನಾವು ಸೇಡು ತೀರಿಸ್ಕೊಳ್ಳಬೇಕಾದ್ದು ಬೇರೆಯವರ ಮೇಲೆ. ನಿಮ್ಮ ಫೋನಿನ ಮೆಸೇಜ್ ಆ್ಯಪನ್ನ ಈ ಕಂಪ್ಯೂಟರಲ್ಲಿ ತೆರೀತೀನಿ. ಟೈಪ್ ನೀವೇ ಮಾಡಿ."

ಅವನ ಹತ್ತೂ ಬೆರಳು ಕೀಬೋರ್ಡಿನ ಮೇಲೆ ಇಳಿದವು. 'ಅತ್ತಿಗೆ, ಇದು ನಾನೇ ಟೈಪ್ ಮಾಡಿದ್ದು. ನೀವು ಬರೆದ ಮೆಸೇಜು ಇವತ್ತು ಓದಿದೆ. ನಾಳೆ ಅಣ್ಣನ ಜೊತೆ ಅವಳ ಮನೆಗೆ ಹೋಗಿ ಅವಳಪ್ಪನ ಕ್ಷಮೆ ಕೇಳುತ್ತೇನೆ. ಇನ್ನು ನನ್ನ ಮಾತನ್ನು ನಾನೇ ಬರೆಯುತ್ತೇನೆ.'

"ಎಂಟರ್ ನೀವು ಒತ್ತಿ," ಎಂದ.

"ಊಹೂಂ. ನಿಮ್ಮ ಕೈಯಿಂದಲೇ."

ಒತ್ತಿದ. ಸಂದೇಶ ಮುಟ್ಟಿತು. ಕೆಳಗೆ 'ಟೈಪ್ ಮಾಡುತ್ತಿದ್ದಾರೆ...' ಎಂದು ಮೂಡಿತು. ಅಳಿಸಿಹೋಯಿತು. ಮತ್ತೆ ಮೂಡಿತು. ಮತ್ತೆ ಅಳಿಸಿಹೋಯಿತು. ಅಷ್ಟು ಅಂದವಾಗಿ ಟೈಪ್ ಮಾಡುತ್ತಿದ್ದ ಅತ್ತಿಗೆಗೆ ಅವತ್ತು ಒಂದಕ್ಷರವೂ ಸಿಗಲಿಲ್ಲ. ಟೀಚರ್ ಆ ಪರದೆಯನ್ನು ಕಣ್ತುಂಬ ನೋಡಿದಳು. ಒಂದು ವರ್ಷದಿಂದ ಎದೆಯಲ್ಲಿ ಉರಿಯುತ್ತಿದ್ದುದು ಅಂದು ತಣ್ಣಗಾಯಿತು.

ಹೊರಡುವಾಗ ಬಾಗಿಲ ಬಳಿ ಅವನು ಮತ್ತೆ ಬೆರಳಿಟ್ಟ.

"ಮತ್ತೆ ಪ್ರಯತ್ನಿಸಿ."

"ಇದಕ್ಕೆ ಇವತ್ತೂ ನನ್ನ ಗುರುತು ಸಿಗಲಿಲ್ಲ."

ಅವಳು ಆ ಒರಟು ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದಳು. "ನನಗೆ ಸಿಕ್ಕಿದೆ. ತಡವಾಗಿ... ಆ ದಿನ ನಕ್ಕಿದ್ದಕ್ಕೆ ನನ್ನನ್ನ ಕ್ಷಮಿಸ್ತೀರಾ?"

"ಟೇಪು ಅಂಟಿಸಿದ್ದಕ್ಕೆ?"

"ಅದಕ್ಕೂ."

"ಆ ಹಾಳು ಕೀಬೋರ್ಡಿಗೆ?"

"ಅದಕ್ಕೆ ಕೇಳಲ್ಲ. ಅದರಿಂದಲೇ ನೀವು ಪಾಸಾಗಿದ್ದು!"

ಅವನು ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ! "ಹಾಗಾದ್ರೆ ನಿಮ್ಮ ಸೇಡು ಮುಗೀತು ತಾನೆ?"

"ಯಾರು ಹೇಳಿದ್ದು?" ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನಾಳೆ ನಮ್ಮನೆಗೆ ಬನ್ನಿ. ಅಪ್ಪನ ಪಾಲಿಂದು ಇನ್ನೂ ಬಾಕಿ ಇದೆ!"