ಮಾಳಿಗೆಯ ಮೇಲಿನ ಹೆಜ್ಜೆ

"ಏನಮ್ಮಾ, ನನ್ನ ವಿಡಿಯೋ ಹಿಡೀತಿದ್ದೀಯಾ?"

ನಾಲೆಯ ಏರಿಯ ಮೇಲೆ ಮುಂದೆ ಹೋಗುತ್ತಿದ್ದವನು ತಟ್ಟನೆ ತಿರುಗಿ ನಿಂತಿದ್ದ. ರಂಜಿತಳ ಕೈಯಲ್ಲಿದ್ದ ಮೊಬೈಲು ಇನ್ನೂ ಅವನತ್ತಲೇ ಮುಖ ಮಾಡಿತ್ತು. ಅದನ್ನು ಇಳಿಸಬೇಕೆಂಬ ಎಚ್ಚರವೂ ಅವಳಿಗೆ ತಪ್ಪಿಹೋಗಿತ್ತು.

"ನಿಮ್ಮನ್ನಲ್ಲ... ಎಮ್ಮೇನ," ಎಂದಳು.

ಅವನು ಆಚೀಚೆ ನೋಡಿದ. ಎಮ್ಮೆಯೇನೋ ಇತ್ತು. ಆದರೆ ಅದು ಅವಳ ಬೆನ್ನ ಹಿಂದೆ, ನಾಲೆಯ ನೀರಿಗೆ ಮೂತಿಯಿಟ್ಟು ನಿಂತಿತ್ತು.

"ಎಮ್ಮೆ ನಿನ್ನಿಂದೆ ಐತೆ. ಮೊಬೈಲು ನನ್ ಕಡೀಕೈತೆ," ಎಂದ ಅವನು. "ಕುಂಟ ನಡ್ಯೋದ್ನ ಹಾಕುದ್ರೆ ಜನ ನಗ್ತಾರೆ ಅಂತಾನಾ? ಹಾಕ್ಕೋ. ಓದ್ ವರ್ಸನೂ ಯಾರೋ ಹಾಕಿದ್ರು."

ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಆದರೆ ಎಷ್ಟೋ ಸಲ ಆಡಿ ಸವೆದ ಮಾತಿನ ದಣಿವು ಅದರಲ್ಲಿತ್ತು.

"ದೇವರಾಣೆ, ಎಮ್ಮೇನೇ."

"ಹಂಗಾರೆ ತಿರುಕ್ಕಂಡ್ ಹಿಡಿ. ಎಮ್ಮೆ ಬೇಜಾರ್ ಮಾಡ್ಕಂಡಾದು."

ಅಷ್ಟು ಹೇಳಿ ಅವನು ಹೊರಟುಹೋದ. ರಂಜಿತ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದಳು. ಅವನ ಎಡಗಾಲು ಗಿಡ್ಡ. ಪ್ರತಿ ಹೆಜ್ಜೆಗೂ ಸೊಂಟ ಎಡಕ್ಕೆ ಇಳಿಯುತ್ತಿತ್ತು, ಬಲಭುಜ ಮೇಲೇಳುತ್ತಿತ್ತು, ಮರುಕ್ಷಣ ಇಡೀ ದೇಹ ಮುಳುಗಿ ಎದ್ದ ದೋಣಿಯಂತೆ ಸಮಕ್ಕೆ ಬರುತ್ತಿತ್ತು.

'ಸುಳ್ಳು ಹೇಳಿದೆ... ಅದೂ ದೇವರಾಣೆ ಇಟ್ಟು!'

ಆದರೂ ಕಣ್ಣು ಮಾತ್ರ ಅವನನ್ನು ಬಿಡಲಿಲ್ಲ.

ರಂಜಿತ ವಿಡಿಯೋ ಗೇಮಿನ ಕಲಾವಿದೆ. ಪರದೆಯ ಮೇಲಿನ ಪಾತ್ರಗಳಿಗೆ ನಡೆ, ಓಟ, ಬಿದ್ದೇಳುವ ಬಗೆಯನ್ನೆಲ್ಲ ಕೊಡುವುದು ಅವಳ ಕೆಲಸ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ ಹೊಂಬಾಳಮ್ಮನಿಗೆ ಆಸರೆಯಾಗಲೆಂದು ಮಳವಳ್ಳಿಯ ತನ್ನ ಮನೆಯಿಂದ ಮದ್ದೂರಿನ ಬಳಿಯ ಕೊಪ್ಪಕ್ಕೆ ಬಂದಿದ್ದಳು. ಹಿತ್ತಲ ಮೆಟ್ಟಿಲು ಹತ್ತಿದರೆ ಸಿಗುವ ಮಾಳಿಗೆಯ ಕೋಣೆಯೇ ಅವಳ ಕಚೇರಿಯಾಗಿತ್ತು.

ಹೊಸ ಗೇಮಿನಲ್ಲಿ ಒಬ್ಬ ಅಂಬಿಗನಿದ್ದ. ದಾರಿ ತಪ್ಪಿದವರನ್ನು ಹೊಳೆ ದಾಟಿಸುವ, ಹೆಚ್ಚು ಮಾತಾಡದ ಮನುಷ್ಯ. ಅವನ ನಡಿಗೆಯನ್ನು ರಂಜಿತ ಎಷ್ಟು ಬಗೆಯಲ್ಲಿ ಮಾಡಿ ಕಳಿಸಿದರೂ ತಂಡದ ಮುಖ್ಯಸ್ಥ ಶ್ರೀಕಾಂತ್ "ಜೀವ ಇಲ್ಲ" ಎಂದು ಹಿಂದಿರುಗಿಸುತ್ತಿದ್ದರು. ಆ ಬೆಳಿಗ್ಗೆ ಏರಿಯ ಮೇಲೆ ಅವಳಿಗೆ ಕಂಡದ್ದು ಆ ಜೀವ.

ತನ್ನ ಮೈಗೆ ಬಾರದ ನಡಿಗೆಯನ್ನು ಪರದೆಗೆ ತರುವುದು ಅವಳಿಗೆ ಗೊತ್ತಿರಲಿಲ್ಲ. ಬಲಗಾಲಿನ ಚಪ್ಪಲಿಗೆ ದಪ್ಪ ರಬ್ಬರು ಅಂಟಿಸಿ ಎತ್ತರ ಮಾಡಿಕೊಂಡಳು. ಈಗ ಎಡಗಾಲು ಗಿಡ್ಡವಾಯಿತು. ದಿನಾ ಸಂಜೆ ಮಾಳಿಗೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಸೊಂಟ ಹಿಡಿದುಕೊಂಡಿತು, ಕಣಕಾಲು ಊದಿತು. ಆದರೂ ಪರದೆಯ ಮೇಲೆ ಅಂಬಿಗ ಮೊದಲ ಸಲ ಭಾರವಿಟ್ಟು ಹೆಜ್ಜೆ ಹಾಕಿದಾಗ ಅವಳು ಒಬ್ಬಳೇ ಕುಳಿತು ನಕ್ಕಳು. ಇಂಥ ಸುಖವನ್ನು ಯಾವ ಕೆಲಸ ಕೊಟ್ಟೀತು?

ಆ ದಿನಗಳಲ್ಲಿ ಅಜ್ಜಿ ಯಾಕೋ ಮಂಕಾಗಿದ್ದಳು. ಸಂಜೆಯ ಕಾಫಿಯನ್ನು ಮೆಟ್ಟಿಲ ಬುಡದಲ್ಲಿ ಇಟ್ಟು, ಏನೂ ಮಾತಾಡದೆ ಒಳಗೆ ಹೋಗುತ್ತಿದ್ದಳು. ಅದೂ ಎರಡು ಲೋಟ. 'ಪಾಪ, ಮರೆವು ಶುರುವಾಯಿತು' ಎಂದುಕೊಂಡು ರಂಜಿತ ಎರಡನ್ನೂ ತಾನೇ ಕುಡಿಯುತ್ತಿದ್ದಳು.

ಅವನ ಹೆಸರು ಕೆಂಪರಾಜು. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಅಜ್ಜಿಯ ಕಣ್ಣಿಗೆ ಹಾಕುವ ಔಷಧಿಯನ್ನು ಮದ್ದೂರಿನಿಂದ ತಂದುಕೊಡುತ್ತಿದ್ದವನು ಅವನೇ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

"ಕೆಂಪರಾಜು ಬಂದ," ಎನ್ನುತ್ತಿದ್ದಳು ಜಗಲಿಯಲ್ಲಿ ಕುಳಿತ ಅಜ್ಜಿ, ಅವನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ.

"ವಿಡಿಯೋದಲ್ ಎಮ್ಮೆ ಚೆನ್ನಾಗ್ ಬಂತಾ?" ಎಂದು ಅವನು ಬಂದಾಗಲೆಲ್ಲ ಕೇಳುತ್ತಿದ್ದ.

ಮೊದಮೊದಲು ಅವಳು ನೆಲ ನೋಡುತ್ತಿದ್ದಳು. ಬರಬರುತ್ತಾ ಆ ಪ್ರಶ್ನೆಗಾಗಿಯೇ ಕಾಯತೊಡಗಿದಳು.

ಒಂದು ದಿನ ಅವನೇ ಹೇಳಿದ. "ಹತ್ತು ವರ್ಸದೋನಿದ್ದಾಗ ಕಬ್ಬಿನ ಟ್ರ್ಯಾಕ್ಟರ್ ಇಂದೆ ಓಡಿ ಜಲ್ಲೆ ಎಳೆಯಾಕ್ ಓಗಿ ಬಿದ್ದೆ. ಜಲ್ಲೆ ಮಾತ್ರ ಕೈಲೇ ಇತ್ತು. ಆಸ್ಪತ್ರೆ ತಂಕ ಬುಟ್ಟಿರ್ನಿಲ್ಲ."

ಅವಳು ನಕ್ಕಳು. ನಗಬಾರದಿತ್ತೇನೋ ಎಂದು ಹೆದರಿ ನೋಡಿದರೆ ಅವನೂ ನಗುತ್ತಿದ್ದ.

"ನೀನು ಮ್ಯಾಲ್ ಕುಂತ್ಕಂಡ್ ಏನ್ ಮಾಡಿಯೇ?"

"ಗೇಮಲ್ಲಿ ಬರೋರಿಗೆ ನಡೆಯೋದು ಕಲಿಸ್ತೀನಿ."

"ಸಂಬಳ ಕೊಡ್ತಾರಾ ಇದ್ಕೆ?"

"ಕೊಡದೇ ಇದ್ರೂ ಮಾಡ್ತಿದ್ನೇನೋ. ಆದ್ರೆ ಅವರಿಗೆ ಹೇಳ್ಬೇಡಿ."

"ಈಗ್ ಯಾರ್ಗೆ ಕಲಿಸ್ತಿದ್ದೀಯ?"

ಅವಳ ನಗು ಆರಿತು. "ಗೇಮು ಹೊರಗೆ ಬರೋವರೆಗೂ ಹೇಳೋ ಹಾಗಿಲ್ಲ. ಸಹಿ ಹಾಕ್ಕೊಟ್ಟಿದ್ದೀನಿ."

ಅದು ನಿಜವೇ ಆಗಿತ್ತು. ಆದರೆ ಆ ಸಹಿಯ ಹಿಂದೆ ತಾನು ಅಡಗಿಕೊಳ್ಳುತ್ತಿದ್ದೇನೆ ಎಂಬುದೂ ಅಷ್ಟೇ ನಿಜವಾಗಿತ್ತು.

ಗೇಮು ಬಿಡುಗಡೆಯಾಗುವ ವಾರ ಶ್ರೀಕಾಂತರ ಕರೆ ಬಂತು.

"ರಂಜಿತ, ಅಂಬಿಗನ ಭಾಗ ಪೂರ್ತಿ ತೆಗೆದುಬಿಟ್ವಿ. ಕಥೆ ಉದ್ದ ಆಯ್ತಂತೆ. ಆದ್ರೆ ಆ ನಡಿಗೆ ವ್ಯರ್ಥ ಮಾಡೋಕೆ ಯಾರಿಗೂ ಮನಸ್ಸಿಲ್ಲ ಕಣ್ರೀ. ಕಲ್ಲುರಕ್ಕಸನಿಗೆ ಕೊಟ್ಟಿದ್ದೀವಿ. ಕತ್ತಲಲ್ಲಿ ಅವನು ಹಿಂದೆ ಬರ್ತಾ ಇದ್ರೆ ಮೈ ಜುಂ ಅನ್ನುತ್ತೆ."

"ಬೇಡ ಸರ್... ಅದು ಒಬ್ಬರ ನಡಿಗೆ."

"ಯಾರದು? ಅವರ ಒಪ್ಪಿಗೆ ತಗೊಂಡಿದ್ರಾ?"

"ಇಲ್ಲ ಸರ್."

"ಎಲ್ಲಾ ನಡಿಗೇನೂ ಯಾರದ್ದೋ ಒಬ್ಬರದ್ದೇ ಅಲ್ವೇನ್ರೀ," ಎಂದು ಅವರು ಮೃದುವಾಗಿಯೇ ಹೇಳಿದರು. "ಈಗ ಬದಲಾಯಿಸೋಕೆ ನನ್ನ ಕೈಲೂ ಆಗಲ್ಲ."

ಅಂದೇ ಸಂಜೆ ಕೆಂಪರಾಜು ಬಂದು ಜಗಲಿಯ ಕಂಬಕ್ಕೊರಗಿ ನಿಂತ.

"ಬರೋ ಭಾನ್ವಾರ ನಮ್ಮವ್ವನ್ನ ಕರ್ಕಂಡ್ ಬತ್ತೀನಿ. ಅಜ್ಜೀನ ಕೇಳಾನ ಅಂತ... ನಿಂದೇನಾರ ತಕರಾರೈತಾ?"

ಎಷ್ಟು ದಿನಗಳಿಂದ ಕಾದಿದ್ದ ಮಾತು... ರಂಜಿತಳ ಕಣ್ಣು ತುಂಬಿತು. 'ಹೇಳಿಬಿಡು, ಈಗಲೇ ಹೇಳಿಬಿಡು' ಎಂದು ಮನಸ್ಸು ಅಂಗಲಾಚಿತು. ಆದರೆ ಆ ಮುಖದ ಬೆಳಕನ್ನು ತನ್ನ ಕೈಯಾರೆ ಆರಿಸುವ ಧೈರ್ಯ ಅವಳಿಗೆ ಬರಲಿಲ್ಲ.

"ಇಲ್ಲ," ಎಂದಳು ಮೆಲ್ಲಗೆ. "ತಕರಾರಿಲ್ಲ."

ಭಾನುವಾರ ಅವನು ಒಬ್ಬನೇ ಬಂದ. ಮನೆಗೆ ಬರದೆ ಏರಿಯ ಮೇಲೆ ನಿಂತು ಅವಳನ್ನು ಕರೆಸಿದ. ಕೈಯಲ್ಲಿ ಮೊಬೈಲಿತ್ತು.

"ನೆನ್ನೆ ಬಸ್ ಹತ್ತಿದೆ. ಹುಡುಗ್ರು ಗೇಮ್ ಆಡ್ತಿದ್ರು. 'ರಕ್ಕಸ ಬಂದ ಕಣ್ರಲಾ, ಜಾಗ ಬುಡಿ' ಅಂದ ಅವ್ರಲ್ಲೊಬ್ಬ, ಗಗನ. ಏನ್ಲಾ ಅಂದೆ. ತೋರಿಸ್ದ." ಅವನು ಪರದೆಯನ್ನು ಅವಳತ್ತ ತಿರುಗಿಸಿದ. "ಮುಖ ನಂದಲ್ಲ, ಮೈ ನಂದಲ್ಲ. ಆದ್ರೆ ನಮ್ಮವ್ವ ನೋಡುದ್ರೂ 'ನಮ್ ಕೆಂಪ' ಅಂದಾಳು. ಇದು ನೀನ್ ಮಾಡಿದ್ದಾ?"

ಪರದೆಯಲ್ಲಿ ಕಲ್ಲುರಕ್ಕಸ ಕತ್ತಲ ಕಾಡಿನಲ್ಲಿ ಬರುತ್ತಿದ್ದ. ಸೊಂಟ ಎಡಕ್ಕೆ ಇಳಿಯಿತು. ಬಲಭುಜ ಮೇಲೆದ್ದಿತು.

"ಹೌದು... ಆದ್ರೆ ನಾನು ಮಾಡಿದ್ದು ಅಂಬಿಗನಿಗೆ. ಒಳ್ಳೆಯವನಿಗೆ. ಅವರು ನನ್ನ ಕೇಳದೆ ಇವನಿಗೆ..."

"ನೀನ್ ನನ್ನ ಕೇಳಿದ್ದಾ?"

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಅವತ್ತು ಎಮ್ಮೆ ಅಂದ್ಯಲ್ಲ ರಂಜಿತ. ಅಂಬಿಗ್ನೋ ರಕ್ಕಸ್ನೋ, ಕೇಳಿದ್ರೆ ನಾನೇ ನಡ್ದು ತೋರಿಸ್ತಿದ್ನಲ್ಲ. ಕದ್ಯೋದ್ಯಾಕೆ?"

ಅವನು ತಿರುಗಿ ನಡೆದ.

ಅವಳು ಅಳುತ್ತಾ ನಿಂತಳು. ಅಳುತ್ತಲೇ ನೋಡಿದಳು... ಸಿಟ್ಟು ಬಂದಾಗ ಅವನ ಬಲಭುಜ ಮೊದಲಿನಷ್ಟು ಏಳುವುದಿಲ್ಲ, ಹಿಮ್ಮಡಿ ನೆಲವನ್ನು ಒತ್ತಿ ಬಿಡುತ್ತದೆ. ಅದು ಹೊಳೆದ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪ್ರೀತಿಸಿದವನು ಕೈಬಿಟ್ಟು ಹೋಗುತ್ತಿದ್ದಾನೆ, ಇವಳ ಕಣ್ಣು ಇನ್ನೂ ಕೆಲಸ ಮಾಡುತ್ತಿದೆ!

ಮರುದಿನದಿಂದ ಅವನು ಏರಿಯ ಮೇಲೆ ಬರಲಿಲ್ಲ. ಟಾರು ರಸ್ತೆಯನ್ನು ಬಳಸಿ ಬಸ್ಸಿಗೆ ಹೋಗುತ್ತಿದ್ದ. ಅದು ಸುತ್ತು ದಾರಿ. ತನ್ನ ಮುಖ ನೋಡಬಾರದೆಂದು ಆ ಕಾಲು ಅಷ್ಟು ದೂರ ನಡೆಯುತ್ತಿದೆಯಲ್ಲ ಎಂದು ಅವಳು ಮಾಳಿಗೆಯ ಕಿಟಕಿಯಲ್ಲಿ ನಿಂತು ಬೇಯುತ್ತಿದ್ದಳು. ಫೋನು ಮಾಡಿದರೆ ಅವನು ಎತ್ತಲಿಲ್ಲ. ಕಂಪನಿಗೆ ಬರೆದರೆ 'ಸಾಧ್ಯವಿಲ್ಲ' ಎಂಬ ಉತ್ತರ ಬಂತು. ಅಂಬಿಗನನ್ನಾದರೂ ಅವನಿಗೆ ತೋರಿಸೋಣವೆಂದರೆ ಅದೂ ಕಂಪನಿಯ ಸ್ವತ್ತು. ಅವಳ ಬಳಿ ಅವಳದೆನ್ನುವುದು ಏನೂ ಇರಲಿಲ್ಲ.

"ಅಜ್ಜಿ, ಕೆಲಸ ಬಿಟ್ಬಿಡ್ತೀನಿ," ಎಂದಳು ಒಂದು ಮಧ್ಯಾಹ್ನ. ನಡೆದದ್ದನ್ನು ಅಲ್ಲಿಷ್ಟು ಇಲ್ಲಿಷ್ಟು ಹೇಳಿದಳು.

ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ನೀನ್ ಕೆಲ್ಸ ಬುಟ್ರೆ ಆ ರಕ್ಕಸ ಕುಂತ್ಕಂಡ್ ಬುಟ್ಟಾನಾ?"

"ಇಲ್ಲ."

"ಮತ್ಯಾಕ್ ಬುಟ್ಟೀಯೆ?"

"ಆ ಕೆಲಸ ಅಂದ್ರೆ ಇನ್ನೂ ಇಷ್ಟ ಅಜ್ಜಿ. ಇಷ್ಟೆಲ್ಲಾ ಆದ್ಮೇಲೂ. ಅದಕ್ಕೇ ನಾಚಿಕೆ."

ಆ ಸಂಜೆ ಅಜ್ಜಿ, ಕಣ್ಣಿನ ಔಷಧಿ ಮುಗಿದಿದೆಯೆಂದು ಕೆಂಪರಾಜುವಿಗೆ ಹೇಳಿ ಕಳಿಸಿದಳು. ಔಷಧಿ ಇನ್ನೂ ಅರ್ಧ ಇತ್ತು.

ಅವನು ಬಂದ. ಮಾಳಿಗೆಯಲ್ಲಿದ್ದ ರಂಜಿತ ಕಿಟಕಿಯ ಬಳಿ ಬಂದು ಕಿವಿಗೊಟ್ಟಳು. ಕೆಳಗಿನಿಂದ ಅಜ್ಜಿಯ ದನಿ ಕೇಳಿಸಿತು.

"ಏನ್ಲಾ, ಟಾರ್ ರಸ್ತೇಲ್ ಸುತ್ಕಂಡ್ ಓಯ್ತಿದ್ದೀಯಂತೆ? ತಿಂಗ್ಳುಗಟ್ಲೆ ಮಾಳಿಗೆ ಮ್ಯಾಲೆ ನನ್ ಮೊಮ್ಮಗಳ ಜತೆ ಓಡಾಡ್ಕಂಡಿದ್ದು ಈಗ ಮಕ ತಿರುಗ್ಸೀಯಾ? ಮಾನ ಇಲ್ವಾ ನಿಂಗೆ?"

"ಅಜ್ಜೀ, ನಾನ್ ನಿಮ್ ಮಾಳಿಗೆ ಮೆಟ್ಲು ಅತ್ತೇ ಇಲ್ವಲ್ಲ."

"ಸುಳ್ ಬೊಗಳ್ಬ್ಯಾಡ. ಕಣ್ ಓಗೈತೆ, ಕಿವಿ ಓಗಿಲ್ಲ. ದಿನಾ ಸಂಜೆ ಒಂದ್ ಹೆಜ್ಜೆ ದಡ್ ಅಂತಿತ್ತು, ಇನ್ನೊಂದು ಎಳ್ಕಂಡ್ ಬರ್ತಿತ್ತು. ನಿನ್ ಹೆಜ್ಜೆ ನಂಗೊತ್ತಿಲ್ವಾ? ಮೊದ್ಲು ಪೊರಕೆ ತಕ್ಕಂಡ್ ಅತ್ತಾನ ಅಂತಿದ್ದೆ. ಆಮೇಕೆ, ನೀನೇ ಅಲ್ವಾ, ಕಟ್ಕತೀಯ ಅಂತ ಸುಮ್ಕಾದೆ. ಕಾಪಿನೂ ಇಡ್ತಿದ್ನಲ್ಲೋ, ಎಲ್ಡು ಲೋಟ!"

ಕೆಳಗೆ ಹಿತ್ತಲ ಬಾಗಿಲು ಕಿರುಗುಟ್ಟಿತು.

ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ದಡ್ ಎಂದಿತು. ಇನ್ನೊಂದು ಎಳೆದುಕೊಂಡು ಬಂತು. ಎಷ್ಟೋ ಸಂಜೆ ಅವಳು ತನ್ನ ಕಾಲಿನಲ್ಲಿ ಹೊತ್ತು ತಿರುಗಿದ ಆ ಸದ್ದು, ಈಗ ತನ್ನ ಒಡೆಯನನ್ನೇ ಕರೆದುಕೊಂಡು ಬರುತ್ತಿತ್ತು.

ಕೆಂಪರಾಜು ಬಾಗಿಲಲ್ಲಿ ನಿಂತ. ಮೂಲೆಯಲ್ಲಿದ್ದ ಚಪ್ಪಲಿ ಜೋಡಿಯನ್ನು ನೋಡಿ, ದಪ್ಪ ರಬ್ಬರಿನದನ್ನು ಕೈಗೆತ್ತಿಕೊಂಡ.

"ಇದೇನು?"

"ಬಲಗಾಲು ಎತ್ತರ ಆಗ್ಲಿ ಅಂತ... ಆಗ ಎಡಗಾಲು ಗಿಡ್ಡ ಆಗುತ್ತೆ."

"ನೋಯ್ನಿಲ್ವಾ?"

"ಕಾಲಲ್ಲ. ಸೊಂಟ. ಬೆನ್ನ ಕೆಳಗೆ, ಬಲಗಡೆ." ಅವಳು ತಲೆಯೆತ್ತಿದಳು. "ನಿಮಗೂ ಅಲ್ಲೇ ನೋಯುತ್ತೆ ಅಲ್ವಾ? ಸಂಜೆ ಹೊತ್ತಿಗೆ?"

ಅವನು ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟ್ ವರ್ಸ ಆಯ್ತು. ಕೇಳೋರೆಲ್ಲ 'ಕಾಲ್ ನೋಯ್ತದಾ' ಅಂತಾರೆ. ನಮ್ಮವ್ವನೂ ಅಂಗೇ."

ಚಪ್ಪಲಿಯನ್ನು ಅವಳ ಮುಂದಿಟ್ಟ. "ನಡಿ. ನೋಡಾನ."

ರಂಜಿತ ಚಪ್ಪಲಿ ಮೆಟ್ಟಿದಳು. ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಸೊಂಟ ಇಳಿಯಿತು, ಭುಜ ಎದ್ದಿತು, ಮೈ ಸಮಕ್ಕೆ ಬಂತು. ಅವನು ಮೊದಲ ಸಲ ತನ್ನನ್ನು ತಾನೇ ಹೊರಗಿನಿಂದ ನೋಡುತ್ತಿದ್ದ.

"ನಾನ್ ಇಂಗಾ ನಡ್ಯೋದು?"

"ಹ್ಞೂಂ."

"ಅಂತಾ ಕೆಟ್ಟದಾಗೇನಿಲ್ಲ," ಎಂದ. ಕಣ್ಣು ಒರೆಸಿಕೊಂಡ. "ಇವ್ನು ಅಂಬಿಗ್ನೇ ಕಣಮ್ಮಿ. ರಕ್ಕಸ ಅಲ್ಲ."

ಅವಳು ಗೋಡೆಗೊರಗಿ ಕುಸಿದು ಕುಳಿತಳು. "ತಪ್ಪಾಯ್ತು. ಕೇಳ್ಬೇಕಿತ್ತು. ಈಗ ಅವನನ್ನ ತೆಗೆಸೋಕೂ ನನ್ನ ಕೈಲಾಗಲ್ಲ, ಕೆಲಸ ಬಿಡೋಕೂ ಆಗಲ್ಲ. ಅವತ್ತು ನೀವು ಹೋಗ್ತಿದ್ದಾಗ್ಲೂ... ಅಳ್ತಾ ಅಳ್ತಾ ನಿಮ್ಮ ಭುಜ ನೋಡ್ತಿದ್ದೆ. ನನ್ನ ಕಣ್ಣೇ ಹಿಂಗೆ. ಏನು ಮಾಡ್ಲಿ ಹೇಳಿ?"

ಅವನು ಅವಳ ಪಕ್ಕದಲ್ಲಿ, ಬಲಗಡೆಯ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಕುಳಿತ.

"ನನ್ ಕಾಲ್ ನೋಡ್ದೋರು ಊರ್ ತುಂಬ ಅವ್ರೆ. ನಡಿಗೆ ನೋಡ್ದೋಳು ನೀನೊಬ್ಳೇ. ರಕ್ಕಸ ನಡ್ಕಂಡೋಗ್ಲಿ ಬುಡು. ಬಸ್ಸಲ್ಲಿ ಜಾಗನಾರ ಬುಡ್ತಾರೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಲೇ, ಕಾಪಿ ಇಟ್ಟಿವ್ನಿ," ಕೆಳಗಿನಿಂದ ಅಜ್ಜಿ ಕೂಗಿದಳು. "ಎಲ್ಡು ಲೋಟ!"

ಅವನು ಎದ್ದು ಬಾಗಿಲತ್ತ ಹೊರಟ. ರಂಜಿತಳ ಕೈ ತಾನಾಗಿಯೇ ಮೊಬೈಲಿನತ್ತ ಹೋಯಿತು. ಅಲ್ಲೇ ತಡೆದು ನಿಂತಿತು.

"ಕೇಳಿ..." ಎಂದಳು. "ನಿಮ್ಮ ವಿಡಿಯೋ ಹಿಡೀಲಾ?"

ಅವನು ತಿರುಗದೆ ನಿಂತ. "ಎಮ್ಮೆ ಎಲ್ಲೈತೆ ಇಲ್ಲಿ?"

"ಎಮ್ಮೆ ಅಲ್ಲ. ನಿಮ್ಮನ್ನ."

"ಎಷ್ಟೊತ್ತು?"

"ನನಗೆ ಸಾಕು ಅನ್ನಿಸೋವರೆಗೂ."

"ಯಾವಾಗನ್ನುಸ್ತದೆ?"

"ಗೊತ್ತಿಲ್ಲ. ಅನ್ನಿಸದೇನೂ ಇರಬಹುದು."

"ಹಂಗಾರೆ ಜತೇಲೇ ಇರ್ಬೇಕಾಯ್ತದೆ," ಎಂದು ಅವನು ಹಿಂದಕ್ಕೆ ಕೈ ಚಾಚಿದ. "ಬಾ, ಕಾಪಿ ಆರೋಯ್ತದೆ."