ನೀರಿಲ್ಲದ ಬಟ್ಟಲು

ಹವಾಮಾನ ಕೇಂದ್ರದ ಗೋಪುರದ ಬುಡದಲ್ಲಿ ಹಿರಿಯ ಅಧಿಕಾರಿ ಸತ್ತು ಬಿದ್ದಿದ್ದರು. ಅವರ ಮುರಿದ ಕನ್ನಡಕ ಮೇಲಿನ ಮೆಟ್ಟಿಲಲ್ಲೇ ಉಳಿದಿತ್ತು. ಮೊದಲು ಕಂಡವಳು ಗುಮಾಸ್ತೆ. ಅವಳು ಕಿರುಚಿದ ಮೇಲೆಯೇ ಕಾವಲುಗಾರ ಗೇಟಿನಿಂದ ಓಡಿಬಂದದ್ದು.

"ಸರಿಯಾಗಿ ಎರಡಕ್ಕೆ ದಢಾರ್ ಅಂತು ಸಾರ್. ಬಾಗಿಲು ಬಡೀತೇನೋ ಅಂದ್ಕೊಂಡೆ," ಎಂದ ಕಾವಲುಗಾರ, ತನಿಖೆಗೆ ಬಂದ ಇನ್ಸ್‌ಪೆಕ್ಟರಿಗೆ.

ಆಗ ಒಳಗಿದ್ದವರು ಇನ್ನಿಬ್ಬರೇ— ಗುಮಾಸ್ತೆ ಮತ್ತು ಸಹಾಯಕ.

"ಎರಡಕ್ಕೆ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಸಹಾಯಕನನ್ನು ಕೇಳಿದರು.

"ಅಂಗಳದ ಪೆಟ್ಟಿಗೆ ಹತ್ರ. ಉಷ್ಣಮಾಪಕ ನೋಡಿ ಬರೆದಿದೀನಲ್ಲ, ಸಾರ್?"

ನಿಮಿಷ ತಪ್ಪದ ಅವನಿಗೆ ಕೇಂದ್ರದಲ್ಲಿ 'ಗಡಿಯಾರ' ಎಂದೇ ಹೆಸರು. ಪುಸ್ತಕದಲ್ಲಿತ್ತು: ಒಣ ಮಾಪಕ ಮೂವತ್ತೊಂದು, ಒದ್ದೆ ಮಾಪಕ ಇಪ್ಪತ್ತಾರು. ವಾಯುಭಾರ ಇಳಿಯುತ್ತಿದೆ. ಹೊರಗೆ ಮೋಡ ಕವಿದು ಕೋಣೆ ಕಪ್ಪಿಟ್ಟಿತ್ತು.

"ನೀವಮ್ಮ?"

"ಒ... ಒಳಗೆ. ಒಬ್ಳೇ."

"ಕಂಡೋರು?"

ಯಾರೂ ಇಲ್ಲ. ಅವಳು ವಾಪಸ್ ಇಡಲು ಮರೆತ ಗಾಜಿನ ಬಟ್ಟಲೊಂದು ಡ್ರಾಯರಿನಲ್ಲಿತ್ತು. ಅಂಥದ್ದೇ ಮರೆವಿಗೆ ಸಾಹೇಬರು ಹೋದ ತಿಂಗಳು ಒಬ್ಬನನ್ನು ಮನೆಗೆ ಕಳಿಸಿದ್ದರು. ಇದು ಗೊತ್ತಾದರೆ, ಬೈಸಿಕೊಂಡ ಸಿಟ್ಟಿಗೆ ಇವಳೇ ನೂಕಿದಳೆನ್ನುವುದಿಲ್ಲವೇ? ಮನೆಯಲ್ಲಿ ಆರು ವರ್ಷದ ಮಗಳು. ಗುಮಾಸ್ತೆ ಡ್ರಾಯರಿಗೆ ಬೆನ್ನು ಕೊಟ್ಟು ನಿಂತಳು.

ಇನ್ಸ್‌ಪೆಕ್ಟರ್ ಅಂಗಳಕ್ಕೆ ಹೋಗಿ ಬಂದರು.

"ಎರಡೂ ಮಾಪಕ ಒಂದೇ ಅಂಕಿ ತೋರಿಸ್ತಿವೆ. ಒಂದಕ್ಕೆ ಸುತ್ತಿದ ಬಟ್ಟೆ ಪೂರ್ತಿ ಒಣಗಿದೆ. ಅದಕ್ಕೆ ನೀರಿಡೋದು ಯಾರು?"

ಗಡಿಯಾರ ಮೆಲ್ಲನೆ ಅವಳತ್ತ ತಿರುಗಿದ. ಅವಳು ಡ್ರಾಯರ್ ತೆರೆದಳು.

"ನಾನೇ, ಸಾರ್. ಹನ್ನೆರಡಕ್ಕೆ ಬಟ್ಟಲು ತೊಳೆಯೋಕೆ ತಂದೆ, ವಾಪಸ್ ಇಡೋದು ಮರೆತೇಬಿಟ್ಟೆ. ಆದ್ರೆ ಅವ್ರನ್ನ ನಾನು ನೂಕಿಲ್ಲ!" ಬಟ್ಟಲನ್ನು ಮೇಜಿನ ಮೇಲಿಟ್ಟು ಅಳತೊಡಗಿದಳು.

ಇನ್ಸ್‌ಪೆಕ್ಟರ್ ತಿರುಗಿದ್ದು ಗಡಿಯಾರನ ಕಡೆಗೆ.

"ಬಟ್ಟೆಯ ನೀರು ಆವಿಯಾದ್ರೆ ತಾನೇ ಆ ಮಾಪಕ ತಣ್ಣಗಾಗೋದು? ಗಾಳಿ ಒಣಗಿದಷ್ಟೂ ವ್ಯತ್ಯಾಸ ಜಾಸ್ತಿ. ನೀರೇ ಇಲ್ಲದಿದ್ರೆ ಎರಡೂ ಒಂದೇ. ಈ ಐದು ಡಿಗ್ರಿ ಎಲ್ಲಿಂದ ತಂದ್ರಿ?"

ಗಡಿಯಾರ ಪುಸ್ತಕ ಮುಚ್ಚಲು ಕೈ ಚಾಚಿದ; ಇನ್ಸ್‌ಪೆಕ್ಟರ್ ಅದನ್ನು ತಮ್ಮತ್ತ ಎಳೆದುಕೊಂಡರು.

"ಪೆಟ್ಟಿಗೆ ಹತ್ರ ನೀವು ಹೋಗೇ ಇಲ್ಲ. ಕೂತಲ್ಲೇ ಅಂಕಿ ಹೊಸೆಯೋದು ನಿಮಗೆ ರೂಢಿ. ಅಂಥ ಸುಳ್ಳು ಅಂಕಿಗಳ ಪಟ್ಟಿ ಸತ್ತ ಸಾಹೇಬರ ಜೇಬಲ್ಲಿ ಸಿಕ್ಕಿದೆ. ಕೇಳೋಕೆ ಅಂತ ಮೇಲೆ ಕರೆದ್ರು, ನೂಕಿಬಿಟ್ರಿ— ಅಲ್ವಾ?"

"ಕೆಲಸ ಹೋಗ್ತಿತ್ತು ಸಾರ್..." ಗಡಿಯಾರ ಕುಸಿದು ಕೂತ.

ಪುಸ್ತಕವನ್ನೂ ಅವನನ್ನೂ ಜೀಪಿಗೆ ಹತ್ತಿಸಿದರು. "ನಿಮ್ಮ ಮರೆವೇ ನಿಮ್ಮನ್ನ ಉಳಿಸ್ತಮ್ಮ," ಎಂದರು ಇನ್ಸ್‌ಪೆಕ್ಟರ್.

ಅವಳು ಬಟ್ಟಲು ತುಂಬಿಸಿದಳು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬಂದು, ಹೊಸ ಹಾಳೆಯಲ್ಲಿ ಬರೆದಳು: ಎರಡು ಗಂಟೆ— ಅಂಕಿ ಇಲ್ಲ. ಬಟ್ಟಲು ನನ್ನ ಡ್ರಾಯರಿನಲ್ಲಿತ್ತು.